ನೋವು ಹೋಯ್ತು, ಮಂಡಿ ರೆಡಿ ಆಯ್ತಾ?

ಮಾರ್ಚ್ ಬಂತೆಂದರೆ ಕೊಡಗಿನಲ್ಲಿ ಹಾಕಿ ಸ್ಟಿಕ್‌ಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಜೊತೆಗೇ ಒಂದು ಪ್ರಶ್ನೆಯೂ ಶುರುವಾಗುತ್ತದೆ. "ಹೋದ ವರ್ಷ ಮಂಡಿಗೆ ಪೆಟ್ಟಾಗಿತ್ತು. ಈಗ ನೋವಿಲ್ಲ. ಈ ಸಲ ಆಡಬಹುದಾ?"

ಹೀಗೆ ಕೇಳುವವರ ಮೇಲಿರುವ ಒತ್ತಡ ಸಣ್ಣದಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಟೂರ್ನಿ ಶುರು ಮಾಡಿದಾಗ ಆಡಿದ್ದು 60 ತಂಡಗಳು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲಿನಲ್ಲಿ ನಡೆಸಿದಾಗ 360. ಇಲ್ಲಿ ಆಡುವುದು ಮನೆತನದ ಹೆಸರಿಗೆ. ಒಂದೇ ತಂಡದಲ್ಲಿ ಹೈಸ್ಕೂಲ್ ಹುಡುಗ, ರಜೆಗೆ ಬಂದ ಯೋಧ, ಬೆಂಗಳೂರಿನಲ್ಲಿ ವರ್ಷವಿಡೀ ಕಂಪ್ಯೂಟರ್ ಮುಂದೆ ಕೂತವರು, ಐವತ್ತು ದಾಟಿದ ದೊಡ್ಡಪ್ಪ, ಮನೆಯ ಹೆಣ್ಣುಮಕ್ಕಳು ಎಲ್ಲರೂ ಇರಬಹುದು. "ಹನ್ನೊಂದು ಜನ ಆಗ್ತಿಲ್ಲ, ಸುಮ್ನೆ ಡಿಫೆನ್ಸ್‌ನಲ್ಲಿ ನಿಂತ್ಕೋ ಸಾಕು" ಅಂತ ಮನೆಯವರೇ ಕರೆದರೆ ಇಲ್ಲ ಅನ್ನೋದು ಕಷ್ಟ, ಅಲ್ವಾ? ಆದರೆ ಡಿಫೆನ್ಸ್‌ನಲ್ಲಿ ಯಾರೂ ಸುಮ್ನೆ ನಿಲ್ಲುವುದಿಲ್ಲ. ಚೆಂಡು ಬಂದ ಕೂಡಲೇ ಕಾಲು ತಾನಾಗಿ ಓಡುತ್ತದೆ, ತಿರುಗುತ್ತದೆ, ಗಕ್ಕನೆ ನಿಲ್ಲುತ್ತದೆ. ಗಾಯವಾದ ಮಂಡಿಗೆ ಕಷ್ಟವಾಗುವುದು ಈ ಮೂರೇ ಕೆಲಸ.

ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಗಾಯ ವಾಸಿಯಾಗುವಾಗ ಮೊದಲು ಹೋಗುವುದು ನೋವು. ಆಮೇಲೆ ಊತ. ಬಲ ಮರಳುವುದು ಬಹಳ ತಡವಾಗಿ. ವೇಗವಾಗಿ ತಿರುಗುವಾಗ ಕೀಲನ್ನು ಹಿಡಿದಿಡುವ ಚುರುಕು ಬರುವುದು ಎಲ್ಲಕ್ಕಿಂತ ಕೊನೆಗೆ. ನೋವು ಹೋದ ದಿನಕ್ಕೂ ಚುರುಕು ಬಂದ ದಿನಕ್ಕೂ ನಡುವೆ ವಾರಗಳು, ಕೆಲವು ಗಾಯಗಳಲ್ಲಿ ತಿಂಗಳುಗಳು ಇರುತ್ತವೆ. ಎರಡನೇ ಸಲ ಪೆಟ್ಟಾಗುವವರಲ್ಲಿ ತುಂಬಾ ಜನ ಬೀಳುವುದು ಈ ನಡುವಿನ ಕಾಲದಲ್ಲಿ.

ಒಳಗೆ ಏನು ನಡೆಯುತ್ತದೆ

ಲಿಗಮೆಂಟ್ (ಕೀಲಿನಲ್ಲಿ ಮೂಳೆಗೆ ಮೂಳೆ ಜೋಡಿಸುವ ನಾರುಪಟ್ಟಿ) ಅಥವಾ ಸ್ನಾಯು ಹರಿದಾಗ ದೇಹ ಮೂರು ಹಂತದಲ್ಲಿ ರಿಪೇರಿ ಮಾಡುತ್ತದೆ. ಮೊದಲ ಕೆಲವು ದಿನ ಊತ, ಬಿಸಿ, ನೋವು. ಇದನ್ನು ನಾವು ಶತ್ರು ಅಂದುಕೊಳ್ಳುತ್ತೇವೆ. ಆದರೆ ಹಾಳಾದ ಅಂಶಗಳನ್ನು ತೆಗೆದುಹಾಕುವ ಕೆಲಸ ನಡೆಯುತ್ತಿರುವುದು ಆಗಲೇ. ನಂತರದ ಕೆಲವು ವಾರ ಹೊಸ ನಾರುಗಳು ಹುಟ್ಟುತ್ತವೆ. ಅವು ಅಡ್ಡಾದಿಡ್ಡಿಯಾಗಿರುತ್ತವೆ, ಬಲವೂ ಕಡಿಮೆ. ಮೂರನೇ ಹಂತದಲ್ಲಿ ಆ ನಾರುಗಳು ಎಳೆತ ಬೀಳುವ ದಿಕ್ಕಿಗೆ ಸಾಲಾಗಿ ಜೋಡಣೆಯಾಗಿ ಗಟ್ಟಿಯಾಗುತ್ತವೆ. ಇದಕ್ಕೆ ತಿಂಗಳುಗಳೇ ಬೇಕು, ದೊಡ್ಡ ಗಾಯವಾದರೆ ವರ್ಷ ದಾಟಬಹುದು.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ನಾರುಗಳು ಸರಿಯಾಗಿ ಸಾಲುಗೂಡಬೇಕಾದರೆ ಅವುಗಳ ಮೇಲೆ ಎಳೆತ ಬೀಳಲೇಬೇಕು. ಹಾಸಿಗೆಯಲ್ಲೇ ಮಲಗಿದರೆ ನಾರು ಬಲವಾಗುವುದಿಲ್ಲ. ಅತಿಯಾಗಿ ಎಳೆದರೆ ಮತ್ತೆ ಹರಿಯುತ್ತದೆ. ಯಾವ ವಾರ ಎಷ್ಟು ಭಾರ ಕೊಡಬೇಕು ಅಂತ ಅಳೆದು ಕೊಡುವುದೇ ಫಿಸಿಯೋಥೆರಪಿಯ ನಿಜವಾದ ಕೆಲಸ.

ನಮ್ಮಲ್ಲಿ ಇದರ ಬಗ್ಗೆ ಇರುವ ಕಲ್ಪನೆಯೇ ಬೇರೆ. "ಹತ್ತು ದಿನ ಫಿಸಿಯೋ ಮಾಡಿಸ್ದೆ, ಕರೆಂಟ್ ಕೊಟ್ರು, ಶಾಖ ಕೊಟ್ರು" ಅನ್ನುತ್ತಾರೆ. ಕರೆಂಟು, ಶಾಖ ಎಲ್ಲ ಸ್ವಲ್ಪ ಹೊತ್ತು ನೋವು ಇಳಿಸಲು ಸರಿ. ಆಪರೇಷನ್ ಆದ ಮೊದಲ ವಾರಗಳಲ್ಲಿ ತೊಡೆಯ ಸ್ನಾಯು ಎಚ್ಚರಗೊಳ್ಳಲು ಕರೆಂಟ್ ಸಹಾಯ ಮಾಡುವುದೂ ಉಂಟು. ಆದರೆ ಮಲಗಿ ಮೆಷಿನ್ ಹಾಕಿಸಿಕೊಂಡಷ್ಟಕ್ಕೇ ಯಾವ ಮಂಡಿಯೂ ಹಾಕಿ ಆಡುವಷ್ಟು ಗಟ್ಟಿಯಾಗುವುದಿಲ್ಲ. ತಿಂಗಳಾದರೂ ಬರೀ ಮೆಷಿನ್ ಚಿಕಿತ್ಸೆಯೇ ನಡೆಯುತ್ತಿದ್ದರೆ, ನನ್ನ ಪ್ರಕಾರ, ಬೇರೆ ಫಿಸಿಯೋ ಹುಡುಕುವುದು ಒಳ್ಳೆಯದು.

ಮೊದಲ ಮೂರು ದಿನ

ಪಾದದ ಕೀಲು ಉಳುಕಿದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಎಣ್ಣೆ. ಬಿಸಿ ಮಾಡಿ ಚೆನ್ನಾಗಿ ತಿಕ್ಕುತ್ತಾರೆ. ಮೊದಲ ಎರಡು ಮೂರು ದಿನ ಇದು ಬೇಡವೇ ಬೇಡ. ಒಳಗೆ ರಕ್ತ ಸೋರುತ್ತಿರುವ ಜಾಗವನ್ನು ತಿಕ್ಕಿದರೆ, ಶಾಖ ಕೊಟ್ಟರೆ ಊತ ಜಾಸ್ತಿಯಾಗುತ್ತದೆ. ಮೂಳೆ ಬಿಟ್ಟಿದೆಯೋ ಇಲ್ಲವೋ ಗೊತ್ತಿಲ್ಲದೆ ಬಿಗಿ ಕಟ್ಟು ಹಾಕಿಸುವುದಂತೂ ಇನ್ನೂ ಅಪಾಯ.

ಐಸ್ ವಿಷಯದಲ್ಲಿ ವೈದ್ಯರ ಅಭಿಪ್ರಾಯವೂ ಬದಲಾಗುತ್ತಾ ಬಂದಿದೆ. ವಿಶ್ರಾಂತಿ, ಐಸ್, ಒತ್ತುಪಟ್ಟಿ, ಕಾಲು ಎತ್ತಿಡುವುದು ಎಂಬ ಪ್ರಸಿದ್ಧ ಸೂತ್ರವನ್ನು 1978ರಲ್ಲಿ ಕೊಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ನಿಧಾನ ಮಾಡಬಹುದು ಅಂತ ಮುಂದೆ ಅವರೇ ಬರೆದರು. 2019ರಲ್ಲಿ ಬಂದ ಹೊಸ ಸೂತ್ರದಲ್ಲಿ ಐಸ್ ಇಲ್ಲವೇ ಇಲ್ಲ. ಒಂದೆರಡು ದಿನ ಗಾಯಕ್ಕೆ ರಕ್ಷಣೆ, ಕಾಲು ಎತ್ತಿಡುವುದು, ಒತ್ತುಪಟ್ಟಿ, ಆಮೇಲೆ ನೋವು ಹೇಳಿದಷ್ಟು ಭಾರ ಹಾಕುತ್ತಾ ಚಲನೆ ಶುರು. ನೋವು ತಡೆಯಲಾಗದಿದ್ದರೆ ಹತ್ತು ಹದಿನೈದು ನಿಮಿಷ ಬಟ್ಟೆ ಸುತ್ತಿ ಐಸ್ ಇಟ್ಟರೆ ಪ್ರಪಂಚ ಮುಳುಗುವುದಿಲ್ಲ. ಅದರಿಂದಲೇ ವಾಸಿಯಾಗುತ್ತದೆ ಅಂದುಕೊಳ್ಳಬೇಡಿ, ಅಷ್ಟೆ.

ಡಾಕ್ಟರ ಹತ್ತಿರ ಅಂದೇ ಹೋಗಬೇಕಾದ ಸಂದರ್ಭಗಳೂ ಇವೆ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಪಾದದ ಗಂಟಿನ ಮೂಳೆಯನ್ನೇ ಒತ್ತಿದಾಗ ಜೋರು ನೋವಾದರೆ ಎಕ್ಸ್‌ರೇ ಬೇಕು. ತಿರುಗುವಾಗ ಮಂಡಿಯಲ್ಲಿ 'ಟಪ್' ಅಂತ ಕೇಳಿಸಿ, ಒಂದೆರಡು ಗಂಟೆಯೊಳಗೆ ಮಂಡಿ ದಪ್ಪಗಾದರೆ ಒಳಗೆ ರಕ್ತ ತುಂಬಿದೆ ಅಂತ ಅರ್ಥ. ಲಿಗಮೆಂಟ್ ಹರಿದಿರುವ ಸಾಧ್ಯತೆ ಹೆಚ್ಚು. ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೂ ಅಷ್ಟೇ, ಕಾಯಬಾರದು.

ತಲೆಗೆ ಪೆಟ್ಟು ಬಿದ್ದರೆ ಲೆಕ್ಕವೇ ಬೇರೆ. ಹಾಕಿ ಚೆಂಡಿನ ತೂಕ ಸುಮಾರು 160 ಗ್ರಾಂ, ಕಲ್ಲಿನಷ್ಟು ಗಟ್ಟಿ. ತಲೆ ಸುತ್ತು, ಗೊಂದಲ, ವಾಂತಿ, ಕಣ್ಣು ಮಂಜು ಯಾವುದಾದರೂ ಬಂದರೆ ಅವತ್ತು ಮತ್ತೆ ಮೈದಾನಕ್ಕೆ ಇಳಿಯುವ ಮಾತೇ ಇಲ್ಲ. ಡಾಕ್ಟರ್ ನೋಡಿದ ಮೇಲೂ ಹಂತಹಂತವಾಗಿ ಮರಳಬೇಕು, ಒಂದೊಂದು ಹಂತಕ್ಕೂ ಕನಿಷ್ಠ 24 ಗಂಟೆ. ಫೈನಲ್ ಇದ್ದರೂ ಇದರಲ್ಲಿ ರಿಯಾಯಿತಿ ಇಲ್ಲ.

ಎಸಿಎಲ್ ಅಂದರೆ ಯಾಕಿಷ್ಟು ತಿಂಗಳು

ಹಾಕಿ, ಫುಟ್‌ಬಾಲ್, ಕಬಡ್ಡಿ ಆಡುವವರು ಹೆಚ್ಚು ಹೆದರುವುದು ಎಸಿಎಲ್‌ಗೆ. ಮಂಡಿಯ ಒಳಗೆ ಅಡ್ಡಲಾಗಿರುವ ಈ ಲಿಗಮೆಂಟ್ ಕೆಳಗಿನ ಮೂಳೆ ಮುಂದೆ ಜಾರದಂತೆ, ಮಂಡಿ ತಿರುಚದಂತೆ ತಡೆಯುತ್ತದೆ. ಇದು ಹರಿಯುವುದು ಬಹಳ ಸಲ ಯಾರೂ ಮುಟ್ಟದೇ ಇದ್ದಾಗ. ಓಡುತ್ತಾ ಬಂದು ಪಾದ ಊರಿ ದಿಕ್ಕು ಬದಲಿಸಿದಾಗ ಮಂಡಿ ಒಳಕ್ಕೆ ಬಾಗುತ್ತದೆ, ಅಷ್ಟೇ ಸಾಕು. ಹುಡುಗಿಯರಿಗೆ ಈ ಅಪಾಯ ಹುಡುಗರಿಗಿಂತ ಜಾಸ್ತಿ.

ಎಲ್ಲರಿಗೂ ಆಪರೇಷನ್ ಬೇಕು ಅಂತಿಲ್ಲ. ತಿರುಗುವ ಆಟ ಬಿಟ್ಟು ತೋಟದ ಕೆಲಸ, ನಡಿಗೆ ಸಾಕು ಅನ್ನುವವರಲ್ಲಿ ಹಲವರಿಗೆ ಒಳ್ಳೆಯ ವ್ಯಾಯಾಮವೇ ಸಾಲುತ್ತದೆ. ಮತ್ತೆ ಆಡಲೇಬೇಕು ಅನ್ನುವ ಎಳೆಯರಿಗೆ ಸಾಮಾನ್ಯವಾಗಿ ಆಪರೇಷನ್ ಹೇಳುತ್ತಾರೆ. ಅವರದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತುಂಡು ತೆಗೆದು ಹೊಸ ಲಿಗಮೆಂಟ್ ಆಗಿ ಕೂರಿಸುತ್ತಾರೆ. ಇದಕ್ಕೆ ಗ್ರಾಫ್ಟ್ ಅನ್ನುತ್ತಾರೆ.

ಈ ತುಂಡನ್ನು ಮಳೆಗಾಲದಲ್ಲಿ ನೆಟ್ಟ ಕಾಫಿ ಗಿಡದಂತೆ ನೋಡಬೇಕು. ನೆಟ್ಟ ದಿನವೇ ನೆಟ್ಟಗೆ ನಿಂತಿರುತ್ತದೆ, ಬೇರು ಹಿಡಿದಿರುವುದಿಲ್ಲ. ಕೂರಿಸಿದ ಟೆಂಡನ್ನಿಗೆ ಮೊದಲು ಸ್ವಂತ ರಕ್ತನಾಳಗಳಿಲ್ಲ. ಮೊದಲ ವಾರಗಳಲ್ಲಿ ಅದು ಗಟ್ಟಿಯಾಗುವ ಬದಲು ಇನ್ನೂ ಮೆತ್ತಗಾಗುತ್ತದೆ. ನಿಧಾನವಾಗಿ ರಕ್ತನಾಳ ಬೆಳೆದು, ಹೊಸ ಜೀವಕೋಶ ಸೇರಿ, ಲಿಗಮೆಂಟಿನ ಗುಣ ಪಡೆಯುತ್ತದೆ. ತಮಾಷೆ ನೋಡಿ, ಗ್ರಾಫ್ಟ್ ಅತಿ ದುರ್ಬಲವಾಗಿರುವ ಹೊತ್ತಿಗೇ ಊತ ಇಳಿದು, ನಡಿಗೆ ಸರಿಯಾಗಿ, ಆಟಗಾರನಿಗೆ ಹುಮ್ಮಸ್ಸು ಬಂದಿರುತ್ತದೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾರ್ವೆಯ ಓಸ್ಲೋದಲ್ಲಿ ಎಸಿಎಲ್ ಆಪರೇಷನ್ ಆದ 106 ಜನರನ್ನು ಎರಡು ವರ್ಷ ಗಮನಿಸಿತು. ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದಕ್ಕೆ ಹಾಕಿದಂತೆ ಮತ್ತೆ ಮಂಡಿ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಬಲದ ಪರೀಕ್ಷೆ, ಕುಪ್ಪಳಿಸುವ ಪರೀಕ್ಷೆ ಎಲ್ಲ ಪಾಸಾಗಿ ಆಡಿದವರಲ್ಲಿ 5.6% ಜನರಿಗೆ ಮತ್ತೆ ಗಾಯವಾಯಿತು. ಪಾಸಾಗದೆ ಆಡಿದವರಲ್ಲಿ 38.2%. ಹಾಗಾಗಿ ಈಗ ಒಂಬತ್ತು ತಿಂಗಳಿಗಿಂತ ಮೊದಲು ಬೇಡ ಅನ್ನುತ್ತಾರೆ. ಒಂಬತ್ತು ತಿಂಗಳಾಯಿತು ಅನ್ನುವ ಒಂದೇ ಕಾರಣಕ್ಕೆ ಆಡುವುದೂ ಸರಿಯಲ್ಲ. ತಿಂಗಳೂ ತುಂಬಬೇಕು, ಪರೀಕ್ಷೆಯೂ ಪಾಸಾಗಬೇಕು. ಸೆಪ್ಟೆಂಬರ್‌ನಲ್ಲಿ ಆಪರೇಷನ್ ಆದವರು ಏಪ್ರಿಲ್ ಟೂರ್ನಿಯ ಆಸೆ ಬಿಟ್ಟು ಮುಂದಿನ ವರ್ಷಕ್ಕೆ ತಯಾರಾಗುವುದೇ ವಾಸಿ. ಸ್ಕೋರ್ ಬರೆಯಲೂ ಮನೆಗೊಬ್ಬರು ಬೇಕಲ್ಲ!

ಪರೀಕ್ಷೆ ಎಂದರೇನು

ಮಂಡಿ ಪೂರ್ತಿ ನೇರವಾಗಬೇಕು, ಪೂರ್ತಿ ಮಡಚಬೇಕು, ವ್ಯಾಯಾಮದ ನಂತರ ಊದಬಾರದು. ಇದು ಮೊದಲ ಬಾಗಿಲು. ಎರಡನೆಯದು ಬಲ. ತೊಡೆಯ ಮುಂಭಾಗದ ಮತ್ತು ಹಿಂಭಾಗದ ಸ್ನಾಯುಗಳ ಬಲ ಒಳ್ಳೆಯ ಕಾಲಿನ 90% ಆದರೂ ಇರಬೇಕು. ಮೂರನೆಯದು ಕುಪ್ಪಳಿಸುವುದು. ಒಂಟಿ ಕಾಲಲ್ಲಿ ಒಂದು ಜಿಗಿತ, ಸತತ ಮೂರು ಜಿಗಿತ, ಗೆರೆಯ ಆಚೀಚೆ ದಾಟುತ್ತಾ ಜಿಗಿತ, ಆರು ಮೀಟರ್ ದೂರಕ್ಕೆ ಸಮಯ ಹಿಡಿದು ಜಿಗಿತ. ಇಲ್ಲೂ 90% ಲೆಕ್ಕ. ದೂರದ ಜೊತೆಗೆ ಇಳಿಯುವ ರೀತಿಯನ್ನೂ ಫಿಸಿಯೋ ನೋಡುತ್ತಾರೆ. ಮಂಡಿ ಒಳಕ್ಕೆ ಬಾಗಿತೋ, ಸೊಂಟ ಒಂದು ಕಡೆ ಕುಸಿಯಿತೋ ಅನ್ನುವುದೂ ಮುಖ್ಯ. ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೋ ತೆಗೆದರೆ ನಿಮಗೇ ಕಾಣುತ್ತದೆ.

ಇದರಲ್ಲಿ ಒಂದು ಮೋಸ ಅಡಗಿದೆ. ಆರು ತಿಂಗಳು ಆಟವಿಲ್ಲದೆ ಕೂತಾಗ ಒಳ್ಳೆಯ ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿಗೆ ಹೋಲಿಸಿ 90% ಬಂತು ಅಂದರೆ ಖುಷಿಪಡಲು ಏನಿದೆ? ಅದಕ್ಕೇ ಆಪರೇಷನ್‌ಗೆ ಮೊದಲೇ ಒಳ್ಳೆಯ ಕಾಲಿನ ಅಳತೆ ಬರೆದಿಟ್ಟುಕೊಳ್ಳುವುದು, ಚೇತರಿಕೆಯಲ್ಲಿ ಎರಡೂ ಕಾಲಿಗೆ ವ್ಯಾಯಾಮ ಮಾಡಿಸುವುದು ಜಾಣತನ.

ಗುಡ್ಡ, ಇಳಿಜಾರು, ದೂರ

ಪುಸ್ತಕದಲ್ಲಿ ಬರೆದಿರುವ ಚೇತರಿಕೆಯ ಯೋಜನೆಗಳೆಲ್ಲ ಸಮತಟ್ಟಾದ ನೆಲಕ್ಕೆ. ನಮ್ಮಲ್ಲಿ ಮನೆಯಿಂದ ಗೇಟಿಗೆ ಹೋಗಬೇಕಾದರೂ ಒಂದು ಏರು, ಒಂದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು. ಮಂಡಿಚಿಪ್ಪಿನ ಮೇಲೆ ಒತ್ತಡ ಏರುವಾಗಿಗಿಂತ ಜಾಸ್ತಿ. ಮೊದಲ ವಾರಗಳಲ್ಲಿ ತೋಟದ ಇಳಿಜಾರು ಇಳಿದು ಮಂಡಿ ಊದಿಸಿಕೊಳ್ಳುವವರು ಇರುವುದು ಇದಕ್ಕೇ. ಮಳೆಗಾಲವಾದರೆ ಪಾಚಿ ಕಟ್ಟಿದ ಮೆಟ್ಟಿಲು ಬೇರೆ. ಊರುಗೋಲು ಹಿಡಿದಿರುವವರು ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳ ದಾಟುವಾಗಲೂ ಜೊತೆಗೊಬ್ಬರನ್ನು ಇಟ್ಟುಕೊಳ್ಳಬೇಕು.

ಅದೇ ಇಳಿಜಾರು ಮೂರ್ನಾಲ್ಕು ತಿಂಗಳ ನಂತರ ಪುಕ್ಕಟೆ ಜಿಮ್. ಓಡುತ್ತಿರುವಾಗ ಗಕ್ಕನೆ ನಿಲ್ಲುವುದಕ್ಕೆ ಬೇಕಾದ ಬಲ ಇಳಿಯುವುದರಿಂದಲೇ ಬರುವಂಥದ್ದು. ಮೊದಲು ಏರು ಮಾತ್ರ, ವಾಪಸ್ ಬರುವಾಗ ಜೀಪಿನಲ್ಲಿ. ಆಮೇಲೆ ಸಣ್ಣ ಇಳಿಜಾರು ನಿಧಾನವಾಗಿ. ಹೀಗೆ ಬೆಳೆಸಬಹುದು.

ದೂರದ್ದೂ ಒಂದು ಸಮಸ್ಯೆ. ಕುಟ್ಟದಿಂದಲೋ ಭಾಗಮಂಡಲದಿಂದಲೋ ವಾರಕ್ಕೆ ಮೂರು ಸಲ ಮಡಿಕೇರಿಗೆ ಬಂದು ಹೋಗುವುದು ಎಲ್ಲರಿಗೂ ಆಗದು. ಆಪರೇಷನ್ ಮೈಸೂರಿನಲ್ಲೋ ಮಂಗಳೂರಿನಲ್ಲೋ ಆಗಿದ್ದರಂತೂ ಬಿಡಿ. ಒಳ್ಳೆಯ ಸುದ್ದಿ ಏನೆಂದರೆ ಹೆಚ್ಚಿನ ಕೆಲಸ ಮನೆಯಲ್ಲೇ ಆಗುತ್ತದೆ. ಎರಡು ಮೂರು ವಾರಕ್ಕೊಮ್ಮೆ ಫಿಸಿಯೋ ನೋಡಿ, ಅಳೆದು, ವ್ಯಾಯಾಮ ಬದಲಿಸಿಕೊಟ್ಟು, ನಡುವೆ ವಿಡಿಯೋ ಕರೆಯಲ್ಲಿ ವಿಚಾರಿಸಿದರೆ ಸಾಕಾಗುವವರು ತುಂಬಾ ಜನ. ಹೋದಾಗ ಎರಡು ಪ್ರಶ್ನೆ ಕೇಳಿ: ಮುಂದಿನ ಹಂತಕ್ಕೆ ಹೋಗಲು ನನ್ನ ಕಾಲು ಏನು ಮಾಡಿ ತೋರಿಸಬೇಕು? ಏನಾದರೆ ನಾನು ನಿಲ್ಲಿಸಬೇಕು? ಉತ್ತರ ಬರೆದು ತನ್ನಿ.

ಮನೆಯಲ್ಲಿ ಮಾಡುವವರಿಗೆ ಅಳತೆಗೋಲು ನೋವೇ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮದ ಹೊತ್ತಿಗೆ ಎರಡು ಮೂರು ಇದ್ದರೆ ಸಾಮಾನ್ಯವಾಗಿ ಪರವಾಗಿಲ್ಲ. ಮಾರನೇ ಬೆಳಿಗ್ಗೆಗೆ ಅದು ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು, ಊತ ಬಂದಿರಬಾರದು. ಬೆಳಿಗ್ಗೆ ಮಂಡಿ ಬಿಗಿದು ಊದಿದ್ದರೆ ನಿನ್ನೆಯದು ಜಾಸ್ತಿಯಾಯಿತು, ಒಂದು ಮೆಟ್ಟಿಲು ಹಿಂದೆ ಹೋಗಿ. ನೋವಿನ ಮಾತ್ರೆ ನುಂಗಿ ಆಡಿದರೆ ಈ ಅಳತೆಗೋಲನ್ನೇ ಮುರಿದು ಎಸೆದಂತೆ. ಪಂದ್ಯಕ್ಕೆ ಮೊದಲು ಇಂಜೆಕ್ಷನ್ ಹಾಕಿಸಿಕೊಂಡು ಇಳಿಯುವ ಶೌರ್ಯದ ಕಥೆಗಳು ಕೇಳಲು ಚೆಂದ, ಅನುಕರಿಸಬೇಡಿ.

ಉಳುಕು ಮತ್ತು ತೊಡೆ ಸೆಳೆತ

ಪಾದದ ಕೀಲು ಉಳುಕಿದ್ದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅದೇ ಕಾಲು ಮತ್ತೆ ಮತ್ತೆ ಉಳುಕುವುದು ಇದರಿಂದಲೇ. ಲಿಗಮೆಂಟಿನಲ್ಲಿ ಪಾದ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ತಿಳಿಸುವ ನರತುದಿಗಳಿವೆ. ಉಳುಕಿದಾಗ ಆ ಸುದ್ದಿ ತಡವಾಗುತ್ತದೆ. ಒಂಟಿ ಕಾಲಲ್ಲಿ ನಿಲ್ಲುವುದು, ಕಣ್ಣು ಮುಚ್ಚಿ ನಿಲ್ಲುವುದು, ದಿಂಬಿನ ಮೇಲೆ ನಿಲ್ಲುವುದು, ನಿಂತು ಚೆಂಡು ಹಿಡಿಯುವುದು. ದಿನಾ ಹಲ್ಲುಜ್ಜುವಾಗ ಮಾಡಬಹುದಾದ ಕೆಲಸ. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು ಎರಡೂ ಕಡೆ ಒಂದೇ ಸಮ ಬಂದರೆ ಓಡಲು ಶುರು ಮಾಡಬಹುದು.

ತೊಡೆಯ ಹಿಂಭಾಗದ ಸ್ನಾಯು ಹರಿಯುವುದು ಪೂರ್ತಿ ವೇಗದಲ್ಲಿ ಓಡುವಾಗ. ಹಾಗಾಗಿ ಜಾಗಿಂಗ್ ನೋವಿಲ್ಲದೆ ಆಯಿತು ಅನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಪಂದ್ಯಕ್ಕೆ ಮೊದಲು ಅಭ್ಯಾಸದಲ್ಲಿ ಪೂರ್ತಿ ವೇಗ ಮುಟ್ಟಿರಬೇಕು. ಹಾಕಿಯಲ್ಲಿ ಸೊಂಟ ಬಗ್ಗಿಸಿಯೇ ಓಡಬೇಕಾದ್ದರಿಂದ ಸ್ಟಿಕ್ ನೆಲಕ್ಕೆ ಹಿಡಿದು ಓಡುವ ಅಭ್ಯಾಸವೂ ಬೇಕು.

ಮೈದಾನಕ್ಕೆ ಇಳಿಯುವುದು

2016ರಲ್ಲಿ ಕ್ರೀಡಾ ಫಿಸಿಯೋಗಳು ಸೇರಿ ಪ್ರಕಟಿಸಿದ ಒಮ್ಮತದ ಹೇಳಿಕೆ ಮರಳುವಿಕೆಯನ್ನು ಮೂರಾಗಿ ನೋಡುತ್ತದೆ. ಮೊದಲು ಅಭ್ಯಾಸಕ್ಕೆ ಮರಳುವುದು, ಆಮೇಲೆ ಪಂದ್ಯಕ್ಕೆ, ಕೊನೆಗೆ ಹಳೆಯ ಮಟ್ಟಕ್ಕೆ. ನಮ್ಮಲ್ಲಿ ಮೊದಲನೆಯದನ್ನು ಹಾರಿಸಿ ನೇರ ಎರಡನೆಯದಕ್ಕೆ ಹೋಗುವುದೇ ರೂಢಿ. ವರ್ಷಕ್ಕೊಮ್ಮೆ ಆಡುವವರಂತೂ ಮಾರ್ಚ್‌ವರೆಗೆ ಸೊನ್ನೆ, ಏಪ್ರಿಲ್‌ನಲ್ಲಿ ನೂರು. ಹಳೆಯ ಗಾಯ ಇರಲಿ, ಇಲ್ಲದಿರಲಿ, ದೇಹ ಇಂಥ ಏರಿಕೆಯನ್ನು ಸಹಿಸುವುದಿಲ್ಲ. ಜನವರಿಯಿಂದಲಾದರೂ ವಾರಕ್ಕೆ ಮೂರು ದಿನ ಶುರುವಾಗಬೇಕು.

ಯಾವ ನೆಲದಲ್ಲಿ ಪಂದ್ಯವೋ ಆ ನೆಲದಲ್ಲೇ ಕೊನೆಯ ವಾರಗಳ ಅಭ್ಯಾಸ ಮಾಡಿ. ಪೊನ್ನಂಪೇಟೆಯ ಟರ್ಫ್‌ನಲ್ಲಿ ಶೂ ಹಿಡಿಯುವ ರೀತಿಯೇ ಬೇರೆ, ಒಣಗಿ ಬಿರುಸಾದ ಮಣ್ಣಿನ ಮೈದಾನದಲ್ಲಿ ಜಾರುವ ರೀತಿಯೇ ಬೇರೆ. ಪಾದ ಹೆಚ್ಚು ಹಿಡಿದುಕೊಂಡಷ್ಟೂ ತಿರುಚುವ ಬಲ ಮಂಡಿಗೆ ಹೋಗುತ್ತದೆ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಿ ಮತ್ತೆ ಇಳಿಸಬಹುದು. ಇದು ಮರಳುವವರಿಗೆ ದೊಡ್ಡ ವರ. ಮೊದಲ ಪಂದ್ಯದಲ್ಲಿ ಐದೈದು ನಿಮಿಷ ಆಡಿ ಹೊರಬನ್ನಿ. ದಣಿದ ಸ್ನಾಯು ಕೀಲನ್ನು ಕಾಯುವುದಿಲ್ಲ, ಕೊನೆಯ ನಿಮಿಷಗಳು ಬೇರೆಯವರಿಗಿರಲಿ.

ಮನಸ್ಸಿನ ವಿಷಯವನ್ನು ನಮ್ಮ ಕೋಚ್‌ಗಳು ಕಡೆಗಣಿಸುತ್ತಾರೆ. ಎಸಿಎಲ್ ಆಪರೇಷನ್ ಆದವರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2014ರಲ್ಲಿ ಲೆಕ್ಕ ಹಾಕಿದಾಗ, ಯಾವುದೋ ಒಂದು ಆಟಕ್ಕೆ ಮರಳಿದವರು 81%, ಹಳೆಯ ಮಟ್ಟಕ್ಕೆ ಮರಳಿದವರು 65%, ಸ್ಪರ್ಧೆಗೆ ಮರಳಿದವರು 55%. ಮರಳದಿರಲು ಭಯವೂ ಒಂದು ದೊಡ್ಡ ಕಾರಣ. "ಹೆದರ್ಬೇಡ, ಏನೂ ಆಗಲ್ಲ" ಅಂತ ಬೆನ್ನು ತಟ್ಟಿದರೆ ಅದು ಹೋಗುವುದಿಲ್ಲ. ಪೆಟ್ಟಾದ ಚಲನೆಯನ್ನೇ ನಿಧಾನವಾಗಿ, ಆಮೇಲೆ ವೇಗವಾಗಿ, ಆಮೇಲೆ ಎದುರಾಳಿಯೊಂದಿಗೆ ಮಾಡಿಸಿದಾಗ ಧೈರ್ಯ ಬರುತ್ತದೆ. ಭಯ ಇನ್ನೂ ಇದ್ದರೆ ಕಾಲು ಇನ್ನೂ ಸಿದ್ಧವಿಲ್ಲ ಅಂತಲೂ ಇರಬಹುದು, ಅದನ್ನೂ ಕೇಳಿಸಿಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲೇ ನೋಡಲು ಒಬ್ಬರಿದ್ದಾರೆ. ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಮಂಡಿಯ ಕಾರ್ಟಿಲೇಜ್ (ಮೂಳೆ ತುದಿಗಳ ನುಣುಪಾದ ಹೊದಿಕೆ) ಸವೆದುಹೋಗಿತ್ತು. ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುವಂಥದ್ದಲ್ಲ. ಅವರು ಅಯ್ಯಂಗಾರ್ ಯೋಗ ಹಿಡಿದು, ಕಾಲಿನ ಬಲ ಮತ್ತು ಹೊಂದಾಣಿಕೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಒಳಗಿನದು ಮೊದಲಿನಂತಾಗದಿದ್ದರೂ ಸುತ್ತಲಿನ ಸ್ನಾಯು ಅದರ ಭಾರ ಹೊರಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅವರ ಹಾಗೆ ಪ್ರತಿದಿನ ಸಮಯ ಕೊಡಲು ನಮಗೆ ಆಗುತ್ತದಾ ಅನ್ನುವುದು ಬೇರೆ ಮಾತು.

ಮರಳಿದ ಮೇಲೆ ವ್ಯಾಯಾಮ ಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಎಸಿಎಲ್ ಆಪರೇಷನ್ ಆಗಿ ಮತ್ತೆ ಆಟಕ್ಕಿಳಿದ 25 ವರ್ಷದೊಳಗಿನವರಲ್ಲಿ ಸುಮಾರು 23% ಜನರಿಗೆ ಎರಡನೇ ಸಲ ಎಸಿಎಲ್ ಹರಿಯುತ್ತದೆ. ಅದೂ ಹಳೆಯ ಮಂಡಿಯೇ ಅಂತಿಲ್ಲ, ಒಳ್ಳೆಯ ಮಂಡಿಗೂ ಹೆಚ್ಚುಕಡಿಮೆ ಅಷ್ಟೇ ಅಪಾಯ. ವಾರಕ್ಕೆ ಎರಡು ಸಲ ಬಲದ ವ್ಯಾಯಾಮ, ಪ್ರತಿ ಅಭ್ಯಾಸಕ್ಕೂ ಮೊದಲು ಇಪ್ಪತ್ತು ನಿಮಿಷ ಓಟ, ಜಿಗಿತ, ಸಮತೋಲನ ಸೇರಿದ ವಾರ್ಮ್‌ಅಪ್ ಇರಲಿ. ಫುಟ್‌ಬಾಲ್‌ನವರ 'ಫಿಫಾ 11+' ವಿಡಿಯೋಗಳು ಪುಕ್ಕಟೆಯಾಗಿ ಸಿಗುತ್ತವೆ, ಹಾಕಿಯವರಿಗೂ ಒಗ್ಗುತ್ತವೆ. ತಂಡದ ಹಿರಿಯರೊಬ್ಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಾಡಿಸಿದರೆ ಗಾಯವಾಗದವರಿಗೂ ಉಪಯೋಗ.